ಗ್ರಾಮಸಭೆಗೆ ‘ಕಾರ್ಬನ್ ಕಡಿಮೆ ಮಾಡುವ’ ಪಟ್ಟಿ ಬೇಕಂತೆ. ಗಿಡ ನೆಡುದು ಬಿಟ್ಟು ಎಂತ ಬರೆಯುದು?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಇರುವವ. ಅಡಕೆ, ಸ್ವಲ್ಪ ತೆಂಗು, ಎರಡು ದನ. ಮೊನ್ನೆ ನಮ್ಮ ವಾರ್ಡಿನ ಮೆಂಬರು ಮನೆಗೆ ಬಂದಿದ್ರು. ಕೇರಳ 2050ರ ಒಳಗೆ ಕಾರ್ಬನ್ ನ್ಯೂಟ್ರಲ್ (ಬಿಟ್ಟಷ್ಟು ಕಾರ್ಬನ್ ಹೀರಿಯೂ ಹೋಗುವ ಹಾಗೆ) ಆಗ್ಬೇಕು ಅಂತ ಸರಕಾರದ ಗುರಿ ಉಂಟಲ್ಲ, ಅದಕ್ಕೆ ಪ್ರತಿ ವಾರ್ಡಿನಿಂದ ಸಲಹೆ ಬೇಕಂತೆ. "ನೀವು ಓದಿದವರು, ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ, ಮಲಯಾಳ ನಾನು ಮಾಡಿಸ್ತೇನೆ" ಅಂದ್ರು.

ಬರೆಯಲಿಕ್ಕೆ ಕೂತರೆ ಕೈಗೆ ಬರುದು ಬರೀ "ಗಿಡ ನೆಡುವುದು, ಜಾಗೃತಿ ಜಾಥಾ, ಶಾಲೆಯಲ್ಲಿ ಚಿತ್ರಕಲೆ ಸ್ಪರ್ಧೆ". ಅದು ನನಗೂ ಬೇಡ, ಮೆಂಬರಿಗೂ ಬೇಡ. ಫ್ಯಾಕ್ಟರಿ ಇಲ್ಲದ, ಸಿಗ್ನಲ್ ಲೈಟು ಇಲ್ಲದ, ಮುನ್ನೂರು ಚಿಲ್ಲರೆ ಮನೆಗಳ ವಾರ್ಡು ನಮ್ಮದು. ಇಲ್ಲಿ ಹೊಗೆ ಎಲ್ಲಿಂದ ಬರ್ತದೆ, ಯಾವುದನ್ನು ಕಡಿಮೆ ಮಾಡಿದ್ರೆ ಲೆಕ್ಕಕ್ಕೆ ಸಿಗ್ತದೆ? ಅನುಭವ ಇದ್ದವರು ಹೇಳಿ.

ಪೆರ್ಲದವ
ಜೂನ್ 5ಕ್ಕೆ ನೆಟ್ಟ ಗಿಡಗಳನ್ನು ಜೂನ್ 6ಕ್ಕೆ ಎಣಿಸುವ ಯೋಜನೆ ಅಂತ ಬರೀರಿ. ಇಷ್ಟರವರೆಗೆ ಯಾರೂ ಮಾಡ್ಲಿಲ್ಲ.

ಮಾಷ್ಟ್ರು_ಮುಳ್ಳೇರಿಯ
ಮೊದಲು ಲೆಕ್ಕ, ಆಮೇಲೆ ಯೋಜನೆ. ನಮ್ಮಂಥ ಊರಲ್ಲಿ ನೋಡಬೇಕಾದ್ದು ನಾಲ್ಕೇ: ಕರಂಟು, ಪೆಟ್ರೋಲು-ಡೀಸೆಲು, ಅಡುಗೆ ಗ್ಯಾಸು, ಸುಡುವ ಕಸ.

ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ (ನಾವು ಕಾರ್ಬನ್ ಅಂತ ಲೆಕ್ಕ ಹಾಕುದು ಇದನ್ನೇ), ಡೀಸೆಲಿಗೆ 2.7 ಹತ್ತಿರ. 14.2 ಕಿಲೋದ ಒಂದು ಸಿಲಿಂಡರ್ ಗ್ಯಾಸು ಖಾಲಿಯಾದಾಗ 42 ಕಿಲೋ. ಕರಂಟಿಗೆ ದೇಶದ ಸರಾಸರಿ ಹಿಡಿದರೆ ಯೂನಿಟ್ಟಿಗೆ 700 ಗ್ರಾಂ ಆಸುಪಾಸು. ನಿಮ್ಮ ವಾರ್ಡಿನಲ್ಲಿ ಹತ್ತು ಮನೆಯ ಕರಂಟು ಬಿಲ್ಲು, ಸಿಲಿಂಡರ್ ಲೆಕ್ಕ, ಗಾಡಿಗೆ ಹಾಕುವ ಎಣ್ಣೆ ಮೂರನ್ನೂ ಕೇಳಿ ಬರ್ಕೊಳ್ಳಿ. ಒಂದು ಭಾನುವಾರದ ಕೆಲಸ. ಎಲ್ಲಿ ಗಂಟು ಉಂಟು ಅಂತ ತನ್ನಿಂತಾನೇ ಗೊತ್ತಾಗ್ತದೆ.

ಕರಂಟ್_ಅಣ್ಣ
ಮಾಷ್ಟ್ರೆ, ಬರೆದುಕೊಳ್ಳುವ ಮೊದಲೇ ನಾನು ಹೇಳ್ತೇನೆ. ಅಡಕೆ ಇರುವ ಊರಲ್ಲಿ ಗಂಟು ಇರುದು ಪಂಪಿನಲ್ಲಿ.

5 ಎಚ್‌ಪಿ ಮೋಟಾರು ಗಂಟೆಗೆ ಕಡಿಮೆ ಅಂದ್ರೆ 4 ಯೂನಿಟ್ ತಿಂತದೆ. ದಿನಕ್ಕೆ 5 ಗಂಟೆ, ಬೇಸಿಗೆಯಲ್ಲಿ 100 ದಿನ ಅಂತ ಇಟ್ಕೊಂಡ್ರೆ 2000 ಯೂನಿಟ್. ಅಂದ್ರೆ 1400 ಕಿಲೋ ಕಾರ್ಬನ್, ಒಂದು ತೋಟಕ್ಕೆ, ಒಂದು ಬೇಸಿಗೆಗೆ. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ 9000 ಕಿಲೋಮೀಟರ್ ಹೋದ ಹಾಗೆ. ಕೃಷಿಗೆ ಕರಂಟು ದುಡ್ಡು ಕೊಡ್ಲಿಕ್ಕಿಲ್ಲ ಅಂತ ಸ್ವಿಚ್ಚು ಹಾಕಿ ಮದುವೆ ಊಟಕ್ಕೆ ಹೋಗುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ನಾನು ಮೋಟಾರು ರಿಪೇರಿಗೆ ಹೋಗುವವ. ಹತ್ತರಲ್ಲಿ ಏಳು ಕಡೆ ತೊಂದರೆ ಮೋಟಾರಿನದ್ದಲ್ಲ. ಹಳೆ ಫುಟ್‌ವಾಲ್ವು (ನೀರಿನೊಳಗೆ ಪೈಪಿನ ತುದಿಯಲ್ಲಿರುವ ವಾಲ್ವು) ಅರ್ಧ ಕಟ್ಟಿರ್ತದೆ, ಎರಡೂವರೆ ಇಂಚು ಬೇಕಾದಲ್ಲಿ ಎರಡು ಇಂಚಿನ ಪೈಪು, ಅದಕ್ಕೆ ನಾಲ್ಕೈದು ಬೆಂಡು. ನೀರು ಪೈಪಿಗೆ ಉಜ್ಜಿಕೊಂಡು ಹೋಗ್ಲಿಕ್ಕೇ ಕರಂಟು ಖರ್ಚು. ಅದನ್ನು ಸರಿಮಾಡಿದ್ರೆ ಅದೇ ನೀರು ಕಡಿಮೆ ಹೊತ್ತಿನಲ್ಲಿ ಬರ್ತದೆ. ಸಬ್ಸಿಡಿ ಬೇಡ, ಮಂತ್ರಿ ಬೇಡ, ಉದ್ಘಾಟನೆ ಬೇಡ.

ಗುಡ್ಡೆ_ಮೇಲಿನವ
ಕರಂಟ್ ಅಣ್ಣ, ಕೇರಳದ ಕರಂಟು ನೀರಿನಿಂದ ಬರುದಲ್ವಾ? ಇಡುಕ್ಕಿ ಡ್ಯಾಮು ಎಂತಕ್ಕೆ ಇರುದು ಮತ್ತೆ? 700 ಗ್ರಾಂ ಅಂತ ಹೆದರಿಸ್ಬೇಡಿ.

ಕರಂಟ್_ಅಣ್ಣ
ಜಲವಿದ್ಯುತ್ತು ಉಂಟು, ಆದ್ರೆ ನಮಗೆ ಬೇಕಾದ್ದರಲ್ಲಿ ಹೆಚ್ಚಿನದ್ದು ಹೊರರಾಜ್ಯದಿಂದ ಕೊಂಡು ತರುದು. ಅದರಲ್ಲಿ ಬಹುಪಾಲು ಕಲ್ಲಿದ್ದಲಿನದ್ದು. ಮತ್ತೆ ನಾವು ಪಂಪು ಹಾಕುದು ಮಾರ್ಚಿ-ಏಪ್ರಿಲಿನಲ್ಲಿ, ಡ್ಯಾಮಿನಲ್ಲಿ ನೀರು ತಳ ಹಿಡಿಯುವ ಹೊತ್ತಿಗೆ ಸರಿಯಾಗಿ.

ಏತಡ್ಕ_ಬದಿಯವ
ಪಂಪಿನ ಮಾತು ಬಂತಲ್ಲ, ನಾನು ಕಾಯ್ತಾ ಇದ್ದೆ.

ಪೈಪು ದೊಡ್ಡದು ಮಾಡಿ, ಮೋಟಾರು ಹೊಸದು ಮಾಡಿ, ಎಲ್ಲ ಸರಿ. ಆದರೆ ನೀರು ಎಷ್ಟು ಆಳದಿಂದ ಎತ್ತುತ್ತೀರಿ ಎಂಬುದೇ ಅಸಲು ಪ್ರಶ್ನೆ. ಹತ್ತು ಸಾವಿರ ಲೀಟರ್ ನೀರನ್ನು 100 ಮೀಟರ್ ಆಳದ ಬೋರಿನಿಂದ ಎತ್ತಲಿಕ್ಕೆ, ಪಂಪಿನ ನಷ್ಟವನ್ನೂ ಸೇರಿಸಿದ್ರೆ, 5-6 ಯೂನಿಟ್ ಬೇಕು. ಅದೇ ನೀರು 10 ಮೀಟರ್ ಕೆಳಗಿನ ಕೆರೆಯಲ್ಲಿ ಸಿಕ್ಕಿದ್ರೆ ಅರ್ಧ ಯೂನಿಟ್ಟು ಸಾಕು.

ನಮ್ಮ ಏತಡ್ಕದಲ್ಲಿ ಕಟ್ಟ ಹಾಕುವ ಕ್ರಮ ಹಿಂದಿನಿಂದ ಬಂದದ್ದು. ಮಳೆಗಾಲ ಕಳೆದು ತೋಡಿನ ನೀರು ಇಳಿಯುವ ಹೊತ್ತಿಗೆ ಕಲ್ಲು-ಮಣ್ಣು ಹಾಕಿ ಅಡ್ಡ ಕಟ್ಟುದು. ಒಂದೇ ಕಟ್ಟ ಅಲ್ಲ, ತೋಡಿನ ಉದ್ದಕ್ಕೂ ಒಂದರ ಕೆಳಗೆ ಒಂದು. ಮೇಲಿನವನ ಕಟ್ಟದಿಂದ ಇಂಗಿದ್ದು ಕೆಳಗಿನವನ ಬಾವಿಗೆ. ಮುಂದಿನ ಮಳೆಗೆ ಅದೇ ಬಿಚ್ಚಿ ಹೋಗ್ತದೆ, ಸಿಮೆಂಟಿನ ಹಾಗೆ ತೋಡನ್ನು ಶಾಶ್ವತವಾಗಿ ಕಟ್ಟಿಹಾಕುದಿಲ್ಲ. ಕಟ್ಟ ಇರುವ ಬದಿಯಲ್ಲಿ ಬೋರಿನ ಗಾಡಿ ಬರುದು ಕಡಿಮೆ, ಇದು ಕಣ್ಣಾರೆ ನೋಡಿದ ಮಾತು. ಇದಕ್ಕೆ ಯಾರೂ ಕಾರ್ಬನ್ ಅಂತ ಹೆಸರಿಡಲಿಲ್ಲ, ಆದ್ರೆ ಪಂಪು ಓಡುವ ಗಂಟೆ ಕಡಿಮೆ ಆಯ್ತಲ್ಲ, ಅದು ಮತ್ತೆಂತದು?

ಪೆರ್ಲದವ
ಅದಕ್ಕಿಂತ ಮೇಲಿನದ್ದು ಉಂಟಲ್ಲ ನಮ್ಮಲ್ಲಿ, ಸುರಂಗ! ಎಣ್ಮಕಜೆ, ಬಾಯಾರು, ಶೇಣಿ ಬದಿಯಲ್ಲಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ನೀರು ತನ್ನಷ್ಟಕ್ಕೇ ಹರಿದು ಅಂಗಳಕ್ಕೆ ಬರ್ತದೆ. ಮೋಟಾರೂ ಇಲ್ಲ, ಬಿಲ್ಲೂ ಇಲ್ಲ. ಗಡಿಯ ಆಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಒಣಗುಡ್ಡದಲ್ಲಿ ತೋಟ ಮಾಡಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಈಚೆ ಬದಿಯವರು ನಾವು ಇದ್ದ ಸುರಂಗದ ಬಾಯಿಗೆ ಮಣ್ಣು ಮುಚ್ಚಿ ಬೋರು ಕೊರೆಸ್ತಾ ಇದ್ದೇವೆ.

ಗುಡ್ಡೆ_ಮೇಲಿನವ
ಹೊಸ ಸುರಂಗ ಕೊರೆಯುವವರು ಎಲ್ಲಿದ್ದಾರೆ? ಹಳಬರಿಗೆ ಪ್ರಾಯ ಆಯ್ತು, ಮಕ್ಕಳು ಗಲ್ಫಿನಲ್ಲಿ. ಮತ್ತೆ ಎಲ್ಲ ಗುಡ್ಡೆಯಲ್ಲೂ ನೀರು ಸಿಗುದಿಲ್ಲ, ನಮ್ಮಲ್ಲಿ ಎರಡು ಕಡೆ ಕೊರೆದು ಬಿಟ್ಟದ್ದು ಹಾಗೇ ಉಂಟು. ಬಾವಲಿ ಇದ್ದಾವೆ ಒಳಗೆ.

ಏತಡ್ಕ_ಬದಿಯವ
ಹೊಸತು ಬೇಡ ಮಾರಾಯ್ರೆ. ಇದ್ದದ್ದನ್ನು ಗುಡಿಸಿ, ಕುಸಿದಲ್ಲಿ ಸರಿ ಮಾಡಿದ್ರೆ ಸಾಕು. ತೊಳಿಲುರಪ್ಪಿನಲ್ಲಿ (ಉದ್ಯೋಗ ಖಾತ್ರಿಯಲ್ಲಿ) ತೋಡಿನ ಹುಲ್ಲು ಹೆರೆಯುವ ಬದಲು ಅದನ್ನು ಮಾಡಿಸ್ಲಿ. ವಾರ್ಡಿನಲ್ಲಿ ಎಷ್ಟು ಸುರಂಗ ಉಂಟು, ಎಷ್ಟರಲ್ಲಿ ಏಪ್ರಿಲಿನಲ್ಲೂ ನೀರು ಉಂಟು, ಇಷ್ಟು ಪಟ್ಟಿ ಮಾಡಿದ್ರೂ ನಿಮ್ಮ ಒಂದು ಪುಟದಲ್ಲಿ ಅರ್ಧ ತುಂಬ್ತದೆ, ತೋಟದಮನೆಯವರೇ.

ಸೀತಾಂಗೋಳಿ_ಅಕ್ಕ
ಇಷ್ಟು ಹೊತ್ತು ಓದಿದೆ, ಎಲ್ಲ ಗಂಡಸರು ತೋಟದಲ್ಲೇ ಇದ್ದೀರಿ. ಮನೆಯೊಳಗೆ ಬನ್ನಿ ಸ್ವಲ್ಪ.

ಗೋಬರ್ ಗ್ಯಾಸಿನ ಹೊಂಡ ನಮ್ಮ ಬದಿಯಲ್ಲಿ ಎಷ್ಟು ಮನೆಯಲ್ಲಿ ಇತ್ತು, ಈಗ ಎಷ್ಟು ಮನೆಯಲ್ಲಿ ಉರೀತದೆ? ದನ ಮಾರಿದ್ರು, ಹೊಂಡದ ಮೇಲೆ ಬೈಕು ನಿಲ್ಲಿಸ್ತಾರೆ. ನಮ್ಮ ಮನೆಯಲ್ಲಿ ಇನ್ನೂ ಉಂಟು. ದಿನಕ್ಕೆ 25 ಕಿಲೋ ಸೆಗಣಿ ಹಾಕಿದ್ರೆ ಒಂದು ಘನಮೀಟರ್ ಗ್ಯಾಸು, ಅದು ಅರ್ಧ ಕಿಲೋಕ್ಕೆ ಸ್ವಲ್ಪ ಕಡಿಮೆ ಸಿಲಿಂಡರ್ ಗ್ಯಾಸಿಗೆ ಸಮ. ಎರಡು ಸೀಮೆ ದನ ಇದ್ದರೆ ಬೆಳಿಗ್ಗೆ ದೋಸೆ, ಮಧ್ಯಾಹ್ನ ಸಾಂಬಾರು ಆಗ್ತದೆ. ಕಾಸರಗೋಡು ಗಿಡ್ಡ ಸಾಕಿದವರಿಗೆ ಅಷ್ಟು ಸೆಗಣಿ ಸಿಗುದಿಲ್ಲ, ಆ ದನ ತಿನ್ನುದೇ ಅಷ್ಟು. ಅಂಥವರು ನಾಲ್ಕು ಮನೆ ಸೇರಿ ಒಂದು ಹೊಂಡ ಮಾಡ್ಬಹುದು ಅಂತ ಬಾಯಲ್ಲಿ ಹೇಳುದು ಸುಲಭ. ನಾಲ್ಕು ಮನೆಯ ಅತ್ತೆಯಂದಿರನ್ನು ಒಪ್ಪಿಸಿದ ಮೇಲೆ ನನಗೆ ಹೇಳಿ.

ಮತ್ತೊಂದು. ಬಚ್ಚಲಿಗೆ ಗೀಸರ್ ಬಂದ ಮೇಲೆ ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ ಎಲ್ಲ ತೋಟದ ಮೂಲೆಯಲ್ಲಿ ರಾಶಿ. ಕೊನೆಗೆ ಅದನ್ನು ಅಲ್ಲೇ ಬೆಂಕಿ ಕೊಡುದು. ಹಂಡೆಯ ಅಡಿಯಲ್ಲಿ ಸುಟ್ಟಿದ್ರೆ ನೀರಾದ್ರೂ ಬಿಸಿ ಆಗ್ತಿತ್ತು!

ಮಾಷ್ಟ್ರು_ಮುಳ್ಳೇರಿಯ
ಅಕ್ಕ ಹೇಳಿದ್ದು ಸರಿಯಾದ ಮಾತು. ತೋಟದ ಮಡಲು ಸುಟ್ಟ ಕಾರ್ಬನ್ ಮುಂದಿನ ವರ್ಷದ ಮಡಲಿಗೇ ವಾಪಸ್ ಹೋಗ್ತದೆ, ಕಲ್ಲಿದ್ದಲಿನ ಕರಂಟಿನದ್ದು ಹಾಗಲ್ಲ. ಆದ್ರೆ ಹೊಗೆ ಅಡುಗೆ ಮನೆಯೊಳಗೆ ಸುತ್ತುವ ಒಲೆಯನ್ನು ನಾನು ಹೊಗಳುದಿಲ್ಲ. ಬಚ್ಚಲೊಲೆ ಹೊರಗೆ, ಅದಕ್ಕೆ ಹೊಗೆಕೊಳವೆ ಇರ್ಲಿ.

ಗೋಬರ್ ಗ್ಯಾಸಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಇರುದು ಮೀಥೇನು. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 28 ಪಾಲು ಬಿಸಿ ಹಿಡಿಯುವಂಥದ್ದು. ಡೋಮು ಬಿರುಕು ಬಿಟ್ಟು ಸೋರ್ತಾ ಇದ್ದರೆ, ಅಥವಾ ಹೆಚ್ಚಾಯ್ತು ಅಂತ ಗ್ಯಾಸನ್ನು ಉರಿಸದೆ ಗಾಳಿಗೆ ಬಿಟ್ಟರೆ, ಮಾಡಿದ ಪುಣ್ಯವೆಲ್ಲ ಹೋಯ್ತು. ಹೊಸ ಹೊಂಡಕ್ಕೆ ಸಬ್ಸಿಡಿ ಕೇಳುವ ಮೊದಲು ಹಳೆಯದನ್ನು ರಿಪೇರಿ ಮಾಡುವ ಒಬ್ಬ ಮೇಸ್ತ್ರಿಯನ್ನು ಪಂಚಾಯತು ಹುಡುಕಿ ಕೊಡಲಿ.

ಬಾಯಾರು_ಬೆಂಗಳೂರು
ಅಪ್ಪು (ಹೌದು) ಅಕ್ಕ. ಎಂಗಳ ಮನೆಯ ಹೊಂಡವೂ ಹಾಂಗೇ ಬಿದ್ದೊಂಡಿದ್ದು. ಅಪ್ಪಂಗೆ ಹೇಳ್ತೆ.

ಗುಡ್ಡೆ_ಮೇಲಿನವ
ಎಲ್ಲರೂ ಲೆಕ್ಕ ಹಾಕ್ತಾ ಇದ್ದೀರಿ, ನಾನೊಂದು ಕೇಳ್ತೇನೆ. ಇದೆಲ್ಲ ನಾವು ಯಾಕೆ ಮಾಡ್ಬೇಕು? ನನ್ನಲ್ಲಿ ಕಾರಿಲ್ಲ, ಎಸಿ ಇಲ್ಲ, ವಿಮಾನ ಹತ್ತಿದ್ದಿಲ್ಲ. ನಮ್ಮ ಬದಿಯಲ್ಲಿ ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಟ್ಟದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು. 2000ದಲ್ಲಿ ನಿಂತಿತು, ದೇಶದಲ್ಲಿ ನಿಷೇಧ ಆಗ್ಲಿಕ್ಕೆ 2011 ಬರ್ಬೇಕಾಯ್ತು. ಆಗಲೂ "ಅಭಿವೃದ್ಧಿಗಾಗಿ" ಅಂದವರೇ. ಈಗ ಗುಡ್ಡದ ಮೇಲೆ ಸೋಲಾರ್ ಪಾರ್ಕು, "ಪರಿಸರಕ್ಕಾಗಿ". ಪೈವಳಿಕೆಯಲ್ಲಿ 50 ಮೆಗಾವ್ಯಾಟ್, ಅಂಬಲತ್ತರದಲ್ಲಿ ಮತ್ತೆ 50. ದನ ಮೇಯುವ ಜಾಗಕ್ಕೆ ಬೇಲಿ ಬಿತ್ತು, ನಮ್ಮ ಮನೆಯಲ್ಲಿ ಗಾಳಿ ಬೀಸಿದ್ರೆ ಕರಂಟು ಹೋಗುದು ಹಾಗೇ ಉಂಟು. ಮೇಲಿನಿಂದ ಬಂದ ಯೋಜನೆ ಅಂದ್ರೆ ನಮಗೆ ಮೈ ಜುಮ್ಮೆನ್ನುತ್ತದೆ.

ಕರಂಟ್_ಅಣ್ಣ
ಪಾರ್ಕಿನ ಕರಂಟು ಸೀದಾ ಗ್ರಿಡ್ಡಿಗೆ ಹೋಗುದು. ನಿಮ್ಮ ಮನೆಗೆ ಬರುವ ಲೈನು ಬೇರೆ, ಅದರ ಮೇಲೆ ಹಲಸಿನ ಗೆಲ್ಲು ಬಿದ್ದರೆ ಪಾರ್ಕಿನವರು ಎಂತ ಮಾಡ್ಲಿಕ್ಕೂ ಆಗುದಿಲ್ಲ. ಆದ್ರೆ ನಿಮ್ಮ ಸಿಟ್ಟಿಗೆ ಕಾರಣ ಇಲ್ಲ ಅಂತ ನಾನು ಹೇಳುದಿಲ್ಲ. ಮುಳಿಹುಲ್ಲಿನ ಪದವು (ಗುಡ್ಡದ ಮೇಲಿನ ಬಯಲು) ಖಾಲಿ ಜಾಗ ಅಂತ ಕಾಗದದಲ್ಲಿ ಬರೆದವರು ಅಲ್ಲಿ ದನ ಬಿಟ್ಟವರಲ್ಲ.

ಸೀತಾಂಗೋಳಿ_ಅಕ್ಕ
ಗುಡ್ಡೆಯವರೇ, ನಿಮ್ಮ ಪ್ರಶ್ನೆ ಸರಿ, ಆದ್ರೆ ಪಂಪಿನ ಪೈಪು ಸರಿ ಮಾಡಿದ್ರೆ, ಬೋರು ಬತ್ತದೆ ಇದ್ದರೆ ಲಾಭ ಮೊದಲು ನಿಮಗೇ. ಲೋಕಕ್ಕೆ ಆಮೇಲೆ.

ಗುಡ್ಡೆ_ಮೇಲಿನವ
ಹಾಗಾದ್ರೆ "ಬೋರು ಬತ್ತದಿರುವ ಯೋಜನೆ" ಅಂತ ಹೆಸರಿಡಿ, ನಾನು ಮೊದಲು ಬಂದು ಕೂರ್ತೇನೆ. ಕಾರ್ಬನ್ ಅಂದ್ರೆ ನಮ್ಮ ಬದಿಯಿಂದ ಒಬ್ಬನೂ ಬರುದಿಲ್ಲ.

ತೋಟದಮನೆ
ಇದನ್ನು ಬರ್ಕೊಂಡೆ. ಮೆಂಬರಿಗೂ ಇದೇ ಹೇಳುದು.

ಉಪ್ಪಳ_ಟೌನ್
ನೀವೆಲ್ಲ ತೋಟದವರು. ನಮ್ಮದು ಕಡಲ ಬದಿ, ಇಲ್ಲಿ ಕಾರ್ಬನ್ ಅಂದ್ರೆ ಗಾಡಿ. ಆಸ್ಪತ್ರೆಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಮದುವೆ ಬಟ್ಟೆಗೆ ಮಂಗಳೂರು. ಕಾಸರಗೋಡಿನಿಂದ ಹಿಡಿದ್ರೆ ಹೋಗಿ ಬರ್ಲಿಕ್ಕೆ 100 ಕಿಲೋಮೀಟರ್. ಕಾರಿನಲ್ಲಿ ಒಬ್ಬನೇ ಹೋದರೆ 15 ಕಿಲೋ ಕಾರ್ಬನ್. ಐವತ್ತು ಜನ ಕೂತ ಬಸ್ಸಿನಲ್ಲಿ ಹೋದರೆ ತಲೆಗೆ ಒಂದು ಕಿಲೋಕ್ಕೆ ಸ್ವಲ್ಪ ಮೇಲೆ. ರೈಲಂತೂ ಕರಂಟಿನದ್ದೇ ಓಡುದು. ಆದ್ರೆ ಸಂಜೆ ಮಂಗಳೂರಿನಿಂದ ಬರುವ ಲೋಕಲ್ ರೈಲಿನಲ್ಲಿ ಕಾಲಿಡ್ಲಿಕ್ಕೆ ಜಾಗ ಉಂಟಾ? ಹೈವೇ ಆರು ಲೇನು ಆದ ಮೇಲೆ ಎಲ್ಲರಿಗೂ ಕಾರಿನ ಆಸೆ. ರಸ್ತೆ ಬದಿಯ ಮರ ಹೋಯ್ತು, ಬಸ್‌ಸ್ಟಾಪಿನಲ್ಲಿ ನಿಂತರೆ ತಲೆ ಸುಡ್ತದೆ, ಮತ್ತೆ ಯಾರು ಬಸ್ಸಿಗೆ ಕಾಯ್ತಾರೆ?

ಪೆರ್ಲದವ
ನಿಮಗೆ ಬಸ್ಸಾದ್ರೂ ಉಂಟು. ನಮ್ಮಲ್ಲಿ ಏಳು ಗಂಟೆಯ ಮೇಲೆ ಪೇಟೆಯಲ್ಲಿ ಸಿಕ್ಕಿಬಿದ್ದರೆ ಅಟೋಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಕಿಲೋ ಅಡಕೆ ಬರ್ತದೆ.

ಮಾಷ್ಟ್ರು_ಮುಳ್ಳೇರಿಯ
ಗ್ರಾಮಸಭೆಯಲ್ಲಿ ಕೇಳಬೇಕಾದ ಮೊದಲ ಬೇಡಿಕೆ ಸಂಜೆ ಏಳೂವರೆಗೆ ಒಂದು ಬಸ್ಸು. ಆ ಒಂದು ಬಸ್ಸು ಇದ್ದರೆ ಕಾಲೇಜು ಮಕ್ಕಳು ಬೈಕು ಕೇಳುದಿಲ್ಲ. ನೆಟ್ಟ ಗಿಡ ದೊಡ್ಡದಾಗಿ ವರ್ಷಕ್ಕೆ ಇಪ್ಪತ್ತು ಕಿಲೋ ಕಾರ್ಬನ್ ಹೀರ್ಲಿಕ್ಕೆ ಎಷ್ಟೋ ವರ್ಷ ಬೇಕು. ಬಸ್ಸು ನಾಳೆಯಿಂದಲೇ ಕೆಲಸ ಮಾಡ್ತದೆ.

ಅಕ್ಕಲಕೋಟ_ಮಂದಿ
ನಮಸ್ಕಾರ ರೀ. ನಾವು ಸೊಲ್ಲಾಪುರ ಜಿಲ್ಲಾದ ಗಡಿ ಕನ್ನಡಿಗರು. ನೀವು ತೋಡು, ಸುರಂಗ ಅಂತ ಮಾತಾಡೋದು ಕೇಳಿ ಹೊಟ್ಟಿ ಉರೀತದ, ನಮ್ಮಲ್ಲಿ ಬ್ಯಾಸಗಿಗೆ ಕುಡಿಯೋ ನೀರಿಗೆ ಟ್ಯಾಂಕರ್ ಬರ್ತದ.

ಆದ್ರ ಕಸ ಸುಡೋ ಮಾತು ಬಂತಲ್ಲ, ಅದರಾಗ ನಾವೂ ನೀವೂ ಒಂದೇ. ನಮ್ಮ ಕಡೆ ಕಬ್ಬು ಕಡದ ಮ್ಯಾಲ ರವದಿಗೆ, ಅಂದ್ರ ಒಣ ಎಲಿಗೆ, ಬೆಂಕಿ ಹಚ್ಚತಾರ. ಆಳು ಸಿಗಂಗಿಲ್ಲ, ಕೂಳಿ ಬ್ಯಾಗ ಚಿಗೀಬೇಕು ಅಂತ ಕಾರಣ ಹೇಳ್ತಾರ. ನಾವು ಒಂದಿಷ್ಟು ಮಂದಿ ಸಾಲು ಬಿಟ್ಟು ಸಾಲಿಗೆ ರವದಿ ಹಾಸಿ ಬಿಡ್ಲಿಕ್ಕೆ ಹತ್ತೀವಿ. ಮಣ್ಣಿನ ಹಸಿ ಉಳೀತದ, ಮೋಟಾರ್ ಹಚ್ಚೋದು ಕಡಿಮಿ ಆಗ್ಯದ. ಮೊದಲನೇ ವರ್ಷ ಮಗ್ಗುಲ ಹೊಲದವರು ನಕ್ಕರು. ಈಗ ಅವರ ಹೊಲದಾಗೂ ರವದಿ ಅದ. ತೊಗರಿ ಕಟ್ಟಿಗಿ ಅಂತೂ ನಾವು ಸುಮ್ನೆ ಸುಡಂಗಿಲ್ಲ, ವರ್ಷಾನುಗಟ್ಲೆ ಒಲಿಗೆ ಅದೇ ಉರುವಲ.

ತೋಟದಮನೆ
ಅಕ್ಕಲಕೋಟದವರೇ, ಬಹಳ ಸಂತೋಷ ಆಯ್ತು ನಿಮ್ಮನ್ನು ಇಲ್ಲಿ ನೋಡಿ. ನಮ್ಮಲ್ಲಿ ನಿಮ್ಮ ರವದಿಯ ಜಾಗದಲ್ಲಿ ಅಡಕೆ ಸಿಪ್ಪೆ. ಸುಲಿದ ಮೇಲೆ ಗೋಣಿಯಲ್ಲಿ ತುಂಬಿ ರಸ್ತೆ ಬದಿಗೆ ಹಾಕಿ ಬೆಂಕಿ. ಮೂರು ದಿನ ಹೊಗೆ ಆಡ್ತಾ ಇರ್ತದೆ, ನಂದುದೂ ಇಲ್ಲ, ಉರಿಯುದೂ ಇಲ್ಲ.

ಏತಡ್ಕ_ಬದಿಯವ
ಸಿಪ್ಪೆಯನ್ನು ಬುಡಕ್ಕೆ ಹಾಕಿದ್ರೆ ಕೊಳೆಯಲಿಕ್ಕೆ ತಡ, ಅದಕ್ಕೆ ಜನರಿಗೆ ತಾಳ್ಮೆ ಇಲ್ಲ. ಸೆಗಣಿ ನೀರು ಹಾಕಿ ಸೋಗೆಯೊಟ್ಟಿಗೆ ಪದರ ಪದರ ಹಾಕ್ಬೇಕು. ತೆಂಗಿನ ಮಡಲಿಗೆ ಕಾಸರಗೋಡಿನ ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದ್ರೆ ಸಿಪಿಸಿಆರ್‌ಐಯವರು ಎರೆಗೊಬ್ಬರದ ಕ್ರಮ ಮಾಡಿದ್ದಾರೆ, ಮಡಲು ತಿನ್ನುವ ಇಲ್ಲಿಯದ್ದೇ ಎರೆಹುಳ ಹುಡುಕಿ. ನಮ್ಮ ಊರಿನಲ್ಲೇ 1916ರಿಂದ ತೆಂಗಿನ ಸಂಶೋಧನೆ ನಡೀತಾ ಉಂಟು, ನಾವು ಗೊಬ್ಬರದ ಚೀಲ ಹೊರಗಿನಿಂದ ತರುದು. ಯೂರಿಯ ಮಾಡ್ಲಿಕ್ಕೆ ನೈಸರ್ಗಿಕ ಅನಿಲ ಸುಡ್ಬೇಕು ಅಂತ ಎಷ್ಟು ಜನರಿಗೆ ಗೊತ್ತು?

ಹಸಿರು_ಸೇನೆ_ಚೇಚಿ
ಸುಡುವ ಮಾತಿಗೆ ನಾನೂ ಬರ್ತೇನೆ. ನಾನು ಹರಿತ ಕರ್ಮ ಸೇನೆಯಲ್ಲಿ (ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ಒಟ್ಟು ಮಾಡುವ ಪಂಚಾಯತಿನ ತಂಡ) ಇದ್ದೇನೆ. ತಿಂಗಳಿಗೆ 50 ರೂಪಾಯಿ ಕೊಡ್ಲಿಕ್ಕೆ ಚರ್ಚೆ ಮಾಡುವ ಮನೆಯವರು ಸಂಜೆ ಬಚ್ಚಲೊಲೆಗೆ ಹಾಲಿನ ಪ್ಯಾಕೆಟು, ಬಿಸ್ಕತ್ತಿನ ಕವರು ತುರುಕುದನ್ನು ನಾವು ನೋಡುದಿಲ್ವಾ? ಮೇಲೆ ಅಕ್ಕ ಹಂಡೆ ಒಲೆಗೆ ಮಡಲು ಹಾಕಿ ಅಂದ್ರು, ಸರಿ. ಅದರೊಟ್ಟಿಗೆ ಪ್ಲಾಸ್ಟಿಕ್ ಹಾಕ್ಬೇಡಿ ಅಂತಲೂ ಆ ಪುಟದಲ್ಲಿ ಬರೀರಿ. ಮತ್ತೆ ನಾವು ಗುಡ್ಡೆ ಹತ್ತಿ ಚೀಲ ಹೊತ್ತು ಬರುವವರು. ವಾರ್ಡಿಗೆ ಒಂದು ಕರಂಟಿನ ಅಟೋ ಕೊಡಿಸಿದ್ರೆ ಕಾರ್ಬನ್ ಕೂಡಾ ಕಡಿಮೆ, ನಮ್ಮ ಸೊಂಟನೋವು ಕೂಡಾ ಕಡಿಮೆ.

ಸೀತಾಂಗೋಳಿ_ಅಕ್ಕ
ಚೇಚಿ ಹೇಳಿದ್ದಕ್ಕೆ ನನ್ನ ಓಟು. ತೊಳೆದು ಒಣಗಿಸಿ ಕೊಡುದು ಕೂಡಾ ಸೇರಿಸಿ. ಮೀನಿನ ವಾಸನೆಯ ಕವರು ಕೊಟ್ಟು ಕೈಮುಗಿದ್ರೆ ಆಗುದಿಲ್ಲ.

ಬಾಯಾರು_ಬೆಂಗಳೂರು
ಜಾತ್ರೆ, ಬ್ರಹ್ಮಕಲಶಕ್ಕೆ ಫ್ಲೆಕ್ಸ್ ನಿಲ್ಲಿಸಿ. ಊಟಕ್ಕೆ ಪ್ಲಾಸ್ಟಿಕ್ ಪದರದ ತಟ್ಟೆ ತರುದು ನಾಚಿಕೆ, ಅಡಕೆ ಹಾಳೆ ನಮ್ಮ ತೋಟದಲ್ಲೇ ಬಿದ್ದು ಕೊಳೀತಾ ಇರುವಾಗ. ಮತ್ತೆ ರಾತ್ರಿಯಿಡೀ ಬಯಲಾಟಕ್ಕೆ ಡೀಸೆಲ್ ಜನರೇಟರು. ಕಾಲಮಿತಿ ಮಾಡಿದ್ರೆ ಅರ್ಧ ಡೀಸೆಲು ಉಳೀತದೆ.

ಪೆರ್ಲದವ
ಓಹೋ. ಈಗ ಆಟದ ಬುಡಕ್ಕೇ ಬಂದ್ರಿ. ಬೆಂಗಳೂರಲ್ಲಿ ಎಸಿ ಹಾಕಿ ಕೂತು ಕುಂಬಳೆ ಸೀಮೆಯವರಿಗೆ ಆಟ ಎಷ್ಟು ಹೊತ್ತಿಗೆ ಮುಗಿಸ್ಬೇಕು ಅಂತ ಹೇಳುದಾ? ಬೆಳಗಿನ ಜಾವದ ಮದ್ದಳೆ ಕೇಳದೆ ಉಳಿಸಿದ ಡೀಸೆಲು ನನಗೆ ಬೇಡ.

ಬಾಯಾರು_ಬೆಂಗಳೂರು
ನನ್ನ ಮನೆಯಲ್ಲಿ ಎಸಿ ಇಲ್ಲ. ಮತ್ತೆ ಹನ್ನೆರಡರ ಮೇಲೆ ನಿಮ್ಮ ಆಟದಲ್ಲಿ ಎಚ್ಚರ ಇರುದು ಚೆಂಡೆಯವ ಮತ್ತು ಚರುಮುರಿಯವ ಇಬ್ಬರೇ.

ಪೆರ್ಲದವ
ಚರುಮುರಿಯವ ಗ್ಯಾಸ್‌ಲೈಟು ಹಚ್ಚುದು, ಅದನ್ನೂ ಲೆಕ್ಕಕ್ಕೆ ಸೇರಿಸಿ.

ನಿರ್ವಾಹಕ
ಕಾಲಮಿತಿ ಚರ್ಚೆಗೆ ಬೇರೆ ಎಳೆ ಉಂಟು, ಅಲ್ಲಿ ಈಗಾಗಲೇ ಸಾಕಷ್ಟು ಜಗಳ ಆಗಿದೆ. ಇಲ್ಲಿ ವಿಷಯಕ್ಕೆ ಬನ್ನಿ.

ತೋಟದಮನೆ
ಮನೆ ಮೇಲಿನ ಸೋಲಾರ್ ಬಗ್ಗೆ ಯಾರೂ ಹೇಳ್ಲಿಲ್ಲ. ಮೆಂಬರು ಅದನ್ನೇ ಮೊದಲು ಬರೆಯಿರಿ ಅಂದಿದ್ರು.

ಕರಂಟ್_ಅಣ್ಣ
ಒಳ್ಳೆಯದೇ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್‌ನಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಮೇಲೆ ಆದ್ರೆ 78,000 ರೂಪಾಯಿ ಸಬ್ಸಿಡಿ. 3 ಕಿಲೋವ್ಯಾಟಿನದ್ದು ವರ್ಷಕ್ಕೆ ನಾಲ್ಕು ಸಾವಿರ ಯೂನಿಟ್ ಹತ್ತಿರ ಕೊಡ್ತದೆ. ಆದ್ರೆ ಏಜೆಂಟರು ಹೇಳದ್ದನ್ನು ನಾನು ಹೇಳ್ತೇನೆ.

ಗ್ರಿಡ್ಡಿಗೆ ಜೋಡಿಸಿದ ಸೋಲಾರು, ಕರಂಟು ಹೋದಾಗ ತಾನೂ ನಿಲ್ತದೆ. ಬ್ಯಾಟರಿ ಇಲ್ಲದಿದ್ದರೆ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನು ತಿರುಗುದಿಲ್ಲ. ಲೈನಿನಲ್ಲಿ ಕೆಲಸ ಮಾಡುವವನಿಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ, ಅದಕ್ಕೆ ಹಾಗೆ ಮಾಡಿರುದು. ಹಾಕಿಸಿದ ಮೇಲೆ ಬೈಯುವವರು ಬಹಳ ಜನ. ಎರಡನೆಯದ್ದು, ಜೂನಿನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲು ಎಲ್ಲಿ ಉಂಟು? ವರ್ಷದ ಲೆಕ್ಕ ನೋಡ್ಬೇಕು, ತಿಂಗಳದ್ದಲ್ಲ. ಮೂರನೆಯದ್ದು ನೆರಳು. ತೋಟದ ನಡುವಿನ ಮನೆಗೆ ಅಡಕೆ ಮರದ ನೆರಳು ಬೆಳಿಗ್ಗೆ ಒಂದು ಬದಿ, ಸಂಜೆ ಒಂದು ಬದಿ. ಹಾಗೆ ಇದ್ದವರು ದುಡ್ಡು ಹಾಕ್ಬೇಡಿ. ಶಾಲೆಯ ಮಾಡು (ಚಾವಣಿ), ಸೊಸೈಟಿಯ ಮಾಡು, ಪಂಚಾಯತು ಕಟ್ಟಡದ ಮಾಡು ಅಗಲ ಉಂಟು, ಅಲ್ಲಿ ಹಾಕ್ಲಿ.

ಗುಡ್ಡೆ_ಮೇಲಿನವ
ಮಂಗನ ವಿಷಯ ಬಿಟ್ರಿ. ಪ್ಯಾನೆಲಿನ ಮೇಲೆ ಕೂತು ಬೊಂಡ ಕುಡಿದು ಅಲ್ಲೇ ಬಿಸಾಡ್ತದೆ.

ಉಪ್ಪಳ_ಟೌನ್
ದುಡ್ಡಿಲ್ಲದವರಿಗೆ ಫ್ಯಾನು ಬದಲಿಸುದೇ ಒಳ್ಳೆಯದು. ಹಳೆ ಫ್ಯಾನು 75 ವಾಟ್, ಬಿಎಲ್‌ಡಿಸಿಯದ್ದು 30 ಚಿಲ್ಲರೆ. ನಮ್ಮ ಸೆಕೆಗೆ ಫ್ಯಾನು ನಿಲ್ಲುದು ಯಾವಾಗ? ಬಲ್ಬು ಬದಲಿಸಿದ್ದು ನಮ್ಮ ಜಿಲ್ಲೆಯೇ ಅಲ್ವಾ ಮೊದಲು, 2021ರಲ್ಲಿ ಪೀಲಿಕ್ಕೋಡು ಪಂಚಾಯತು ಹಳೆ ಬಲ್ಬು ಪೂರ್ತಿ ಬಿಟ್ಟು ಎಲ್‌ಇಡಿ ಮಾಡಿದ ದೇಶದ ಮೊದಲ ಪಂಚಾಯತು ಅಂತ ಹೆಸರು ಬಂತಲ್ಲ. ಅದೇ ಕ್ರಮದಲ್ಲಿ ಫ್ಯಾನು ಮಾಡ್ಲಿ.

ಬಾಯಾರು_ಬೆಂಗಳೂರು
ವಯನಾಡಿನ ಮೀನಂಗಾಡಿಯ ಕಥೆ ನೋಡಿ. 2016ರಿಂದ ಇಡೀ ಪಂಚಾಯತನ್ನು ಕಾರ್ಬನ್ ನ್ಯೂಟ್ರಲ್ ಮಾಡ್ಲಿಕ್ಕೆ ಹೊರಟವರು. ಅವರು ಮೊದಲು ಮಾಡಿದ್ದು ಮಾಷ್ಟ್ರು ಹೇಳಿದ ಲೆಕ್ಕ. ಆಮೇಲೆ ‘ಮರ ಬ್ಯಾಂಕು’: ರೈತ ತನ್ನ ಮರವನ್ನು ಅಡವಿಟ್ಟು ಬ್ಯಾಂಕಿನಿಂದ ಬಡ್ಡಿ ಇಲ್ಲದ ಸಾಲ ತೆಗೆಯುದು, ಮರಕ್ಕೆ ವರ್ಷಕ್ಕೆ 50 ರೂಪಾಯಿ ಲೆಕ್ಕ. ಮರ ಕಡಿಯುವವರೆಗೆ ಸಾಲ ಕಟ್ಟಬೇಕಾಗಿಲ್ಲ.

ಪೆರ್ಲದವ
50 ರೂಪಾಯಿಗೆ ಮರ ಉಳಿಸ್ತಾರಾ? ಹಲಸಿನ ಮರಕ್ಕೆ ಮರದ ವ್ಯಾಪಾರಿ ಎಷ್ಟು ಕೊಡ್ತಾನೆ ಗೊತ್ತುಂಟಾ?

ಏತಡ್ಕ_ಬದಿಯವ
ದೊಡ್ಡ ಮರಕ್ಕೆ ಅದು ಸಾಲದು, ಒಪ್ಪಿದೆ. ಸಸಿ ನೆಟ್ಟು ಹತ್ತು ವರ್ಷ ಸಾಕುವವನಿಗೆ ಗೊಬ್ಬರದ ಖರ್ಚಾದ್ರೂ ಹುಟ್ಟುತ್ತದೆ. ನಮ್ಮಲ್ಲಿ ದುಡ್ಡಿಲ್ಲದೆ ಮರ ಉಳಿಸಿದ್ದು ನಾಗಬನ ಒಂದೇ. ಈಗ ಅದಕ್ಕೂ ಇಂಟರ್‌ಲಾಕು ಹಾಸಿ ಕಾಂಕ್ರೀಟ್ ಕಟ್ಟೆ ಕಟ್ಟಿ ಮರ ಕಡಿಯುದು. ಒಂದು ಟನ್ ಸಿಮೆಂಟು ಮಾಡ್ಲಿಕ್ಕೆ ಅರ್ಧ ಟನ್ನಿಗೂ ಮೇಲೆ ಕಾರ್ಬನ್ ಹೋಗ್ತದೆ. ನಾಗನಿಗೆ ಅದು ಬೇಕಾ? ಈ ಮಾತು ಆ ಪುಟದಲ್ಲಿ ಬರೀರಿ, ಬೈಗುಳ ನಾನು ತಿಂತೇನೆ.

ಮಾಷ್ಟ್ರು_ಮುಳ್ಳೇರಿಯ
ಬೈಗುಳದಲ್ಲಿ ಅರ್ಧ ನನಗಿರ್ಲಿ.

ತೋಟದಮನೆ
ನಿನ್ನೆ ಹತ್ತು ಮನೆಗೆ ಹೋಗಿ ಬಂದೆ. ಪಂಪಿನದ್ದೇ ಜಾಸ್ತಿ, ಆಮೇಲೆ ಗಾಡಿ, ಗ್ಯಾಸು ಬಹಳ ಕೆಳಗೆ. ಎರಡು ಮನೆಯವರು ಬಿಲ್ಲು ತೋರಿಸ್ಲಿಲ್ಲ, ತೆರಿಗೆಯವ ಅಂತ ಗ್ರಹಿಸಿದ್ರು. ಮೆಂಬರು ಓದಿ "ಗಿಡ ನೆಡುದು ಇಲ್ವಾ?" ಅಂತ ಕೇಳಿದ್ರು. ಕೊನೆಗೆ ಒಂದು ಸಾಲು ಸೇರಿಸಿದೆ, ತೋಡಿನ ಬದಿಗೆ ಬಿದಿರು ಅಂತ. ಈಗ ಹೊಸ ತೊಂದರೆ: ಯೋಜನೆಯ ಫಾರಂ ಪೂರ್ತಿ ಮಲಯಾಳದಲ್ಲಿ ಉಂಟು, ಹದಿನಾಲ್ಕು ಪುಟ.

ಗುಡ್ಡೆ_ಮೇಲಿನವ
ಇದೇ ನಾನು ಹೇಳಿದ್ದು! ಗಡಿನಾಡಿನವರು ಕನ್ನಡದಲ್ಲಿ ಬರೆದ್ರೆ ಕನ್ನಡದಲ್ಲೇ ಉತ್ತರ ಕೊಡ್ಬೇಕು ಅಂತ 1969ರ ಭಾಷಾ ಕಾನೂನಿನಲ್ಲೇ ಬರೆದಿದ್ದಾರೆ, ಕೇಳದೆ ಯಾರೂ ಕೊಡುದಿಲ್ಲ.

ಮಾಷ್ಟ್ರು_ಮುಳ್ಳೇರಿಯ
ನಾವು ಕನ್ನಡದಲ್ಲಿ ಬರೆಯುವ ಹಕ್ಕನ್ನೂ ಅದೇ ಕಾನೂನಿನಲ್ಲಿ ಬರೆದಿದ್ದಾರೆ. ಹಾಗಾಗಿ ನೀವು ಕನ್ನಡದಲ್ಲೇ ತುಂಬಿಸಿ ಕೊಡಿ. ಜೊತೆಗೆ ಕನ್ನಡ ಫಾರಂ ಬೇಕು ಅಂತ ಅರ್ಜಿಯೂ ಹಾಕುವ.

ಹಸಿರು_ಸೇನೆ_ಚೇಚಿ
ಅಷ್ಟರ ಒಳಗೆ ತಾರೀಕು ಕಳೀತದೆ. ಪುಟಗಳ ಫೋಟೋ ಹಾಕಿ, ನಾನು ಓದಿ ಹೇಳ್ತೇನೆ. ಕರಂಟಿನ ಅಟೋ ಎಷ್ಟನೇ ಪುಟದಲ್ಲಿ ಬರ್ತದೆ ಅಂತ ಮೊದಲು ನೋಡ್ಬೇಕು ನನಗೆ.

ಕರಂಟ್_ಅಣ್ಣ
ಗ್ರಾಮಸಭೆಗೆ ನಾನೂ ಬರ್ತೇನೆ, ಒಂದು ಹಳೆ ಫುಟ್‌ವಾಲ್ವು, ಒಂದು ಹೊಸತು ಹಿಡ್ಕೊಂಡು. ಎಷ್ಟು ಗಂಟೆಗೆ?

ತೋಟದಮನೆ
ಹತ್ತೂವರೆ ಅಂತ ನೋಟೀಸು. ನೂರಕ್ಕೆ ಹತ್ತು ಮಂದಿ ಓಟಿನವರು ಸೇರದೆ ಶುರು ಮಾಡುವ ಹಾಗಿಲ್ಲ, ಹಾಗಾಗಿ ಹನ್ನೊಂದೂವರೆಗೆ ಬಂದ್ರೂ ಆಗ್ತದೆ. ಬರುವಾಗ ಗುಡ್ಡೆಯವರನ್ನು ನಿಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಬನ್ನಿ.